ಶುಶ್ರೂಷಕರ ದಣಿವು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಕಾಸರಗೋಡಿನ ಕನ್ನಡ ಬಂಧುಗಳೇ,

ಸಾಹಿತ್ಯ ವಿಚಾರವನ್ನು ನಿರೀಕ್ಷಿಸಿ ಬಂದಿರುವ ತಮ್ಮ ಮುಂದೆ ಇಂದು ರೋಗಶಯ್ಯೆಯ ಬಳಿ ನಿಂತ ದಾದಿಯ ವಿಷಯವಾಗಿ ನಾಲ್ಕು ಮಾತು ಅರಿಕೆಮಾಡಲು ಬಯಸುತ್ತೇನೆ.

ಗುಣವಾಗದ ವ್ಯಾಧಿಗೂ ಆರೈಕೆಯುಂಟು. ಅದಕ್ಕೆ ಉಪಶಮನ ಶುಶ್ರೂಷೆಯೆಂದು ಹೆಸರು. ನಮ್ಮ ಕಡೆ ಪಾಲಿಯೇಟಿವ್ ಎಂದೇ ರೂಢಿ. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸರು ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದು ಇದಕ್ಕೆ ಆಧುನಿಕ ರೂಪವನ್ನಿತ್ತರು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಇದಕ್ಕಾಗಿ ಸಂಘವೊಂದನ್ನು ಕಟ್ಟಿದರು. 2008ರಲ್ಲಿ ಕೇರಳ ಸರಕಾರವು ಈ ಕುರಿತು ನೀತಿಯನ್ನೇ ಪ್ರಕಟಿಸಿತು. ಪಂಚಾಯತಿನ ದಾದಿಯು ಇಂದು ಮನೆಬಾಗಿಲಿಗೆ ಬರುತ್ತಿರುವುದು ಇದರ ಫಲ.

ಆಕೆ ಹಾಸಿಗೆಹುಣ್ಣನ್ನು ತೊಳೆದು ಕಟ್ಟುತ್ತಾಳೆ. ಮೂತ್ರದ ಕೊಳವೆಯನ್ನು ಬದಲಿಸುತ್ತಾಳೆ. ಮನೆಯವರ ಕಣ್ಣೀರಿಗೂ ಕಿವಿಗೊಡುತ್ತಾಳೆ. ತಿಂಗಳುಗಟ್ಟಲೆ ಉಪಚರಿಸಿದ ಜೀವವೊಂದು ಹೋದರೆ ಮನೆಯವರಿಗೆ ಸೂತಕದ ದಿನಗಳುಂಟು. ಆಕೆಗಾದರೋ ಮರುದಿನವೇ ಇನ್ನೊಂದು ಮನೆ. ಹೀಗೆ ಕೂಡಿಬಂದ ದುಃಖವು ಇಳಿಯುವುದೆಲ್ಲಿ?

ಸೇವಾನಿರತರ ಇಂತಹ ದಣಿವನ್ನು 1974ರಲ್ಲಿ ಅಮೆರಿಕದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಬರ್ನ್‌ಔಟ್ ಎಂದು ಕರೆದರು. ಬೆಂದು ಬರಿದಾಗುವುದೆಂದು ನಾವು ಹೇಳಬಹುದು. ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿಯು ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿರುವರು: ಮನಸ್ಸು ಬತ್ತಿಹೋಗುವುದು, ರೋಗಿಯನ್ನು ವಸ್ತುವಿನಂತೆ ಕಾಣತೊಡಗುವುದು, ತನ್ನ ದುಡಿಮೆ ವ್ಯರ್ಥವೆಂದೆನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆನ್ನದೆ, ಕೆಲಸದ ಸ್ಥಳದ ಒತ್ತಡವು ಬಹುಕಾಲ ಪರಿಹಾರವಾಗದುದರ ಪರಿಣಾಮವೆಂದಿತು. ಆದುದರಿಂದ ಬರಿದಾದ ದಾದಿಯನ್ನು ಕಲ್ಲೆದೆಯವಳೆಂದು ನಿಂದಿಸುವುದು, ಎಣ್ಣೆ ಹೊಯ್ಯದೆ ಬತ್ತಿಯನ್ನು ದೂರಿದಂತೆ. ಭೂಮಿತಾಯಿಯ ತಾಳ್ಮೆಯವಳೆಂದು ಹೊಗಳಿ ಶಾಲು ಹೊದಿಸಿದರೂ ಹೆಗಲಿನ ಭಾರ ಇಳಿಯದು.

ಇಳಿಸುವ ಬಗೆ ಯಾವುದು? ನೋಡಬೇಕಾದ ಮನೆಗಳಿಗೆ ಮಿತಿ, ಸಕಾಲದಲ್ಲಿ ಸಂಬಳ, ವಿಶ್ರಾಂತಿ, ರೋಗಿಯೊಬ್ಬನು ತೀರಿಕೊಂಡಾಗ ಸಹೋದ್ಯೋಗಿಗಳೊಡನೆ ಕುಳಿತು ಮನಬಿಚ್ಚಿ ಮಾತನಾಡಲು ಅವಕಾಶ—ಇವು ಆಡಳಿತದ ಹೊಣೆ. ನೆರೆಹೊರೆಯವರು ಸ್ವಯಂಸೇವಕರಾಗಿ ಭಾರಕ್ಕೆ ಹೆಗಲು ಕೊಡುವುದು ಕೇರಳದ ಕ್ರಮದ ಜೀವಾಳ. ಅದು ನಮ್ಮ ಹೊಣೆ.

ಇಲ್ಲಿ ನಮಗೊಂದು ವಿಶೇಷ ಕರ್ತವ್ಯವೂ ಇದೆ. ನೋವು ಮಾತನಾಡುವುದು ತಾಯ್ನುಡಿಯಲ್ಲಿ. ನಮ್ಮ ಮನೆಗಳ ಹಿರಿಯರು ಕನ್ನಡದಲ್ಲೋ ತುಳುವಿನಲ್ಲೋ ನರಳುವಾಗ, ಮಲಯಾಳವನ್ನಷ್ಟೇ ಬಲ್ಲ ದಾದಿಗೆ ಅದು ತಿಳಿಯದಿದ್ದರೆ ಸಂಕಟ ಇಬ್ಬರಿಗೂ. ಎರಡೂ ನುಡಿ ಬಲ್ಲ ನಮ್ಮ ಯುವಕ ಯುವತಿಯರು ವಾರಕ್ಕೊಂದು ದಿನ ಆಕೆಯ ಜೊತೆಗೆ ಹೋಗಬಾರದೇ? ನುಡಿಸೇವೆಯೆಂದರೆ ಇದೂ ಅಹುದು.

ನಾಳೆ ಆಕೆ ತಮ್ಮ ಮನೆಗೆ ಬಂದರೆ, ರೋಗಿಯ ವಿಚಾರವನ್ನು ಹೇಳುವ ಮುನ್ನ, "ಊಟವಾಯಿತೇ, ತಂಗಿ?" ಎಂದು ಕೇಳಿರೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.