ಕಿಟಕಿ: ಬೆಳಕಿಗೆ ಬಾಗಿಲು, ಬಿಸಿಲಿಗೆ ಬೀಗ



ಮನೆಗೆ ಕಿಟಕಿ ಏಕೆ ಎಂದರೆ ಗಾಳಿಗೆ, ಬೆಳಕಿಗೆ ಎಂದು ಮಗುವೂ ಹೇಳುತ್ತದೆ. ಆದರೆ ಅದೇ ದಾರಿಯಲ್ಲಿ ಕರೆಯದೇ ಬರುವ ಮೂರನೆಯ ಅತಿಥಿಯೊಬ್ಬನಿದ್ದಾನೆ. ಅವನೇ ಶಾಖ. ಪಶ್ಚಿಮದ ಗೋಡೆಗೆ ದೊಡ್ಡ ಗಾಜು ಹಾಕಿಸಿದವರಿಗೆ ಏಪ್ರಿಲ್ ತಿಂಗಳ ಸಂಜೆ ಇವನ ಪರಿಚಯ ಚೆನ್ನಾಗಿಯೇ ಆಗುತ್ತದೆ. ವಿದ್ಯುತ್ ಬಿಲ್ಲು ಬಂದಾಗ ಮತ್ತೊಮ್ಮೆ.

ಗಾಜಿನ ಗುಣವೇ ವಿಚಿತ್ರ. ಅದು ಬಿಸಿಲನ್ನು ಒಳಗೆ ಬಿಡುತ್ತದೆ. ಬಿಸಿಲು ನೆಲ, ಗೋಡೆ, ಮಂಚಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳು ಸೂಸುವ ಶಾಖಕಿರಣಗಳನ್ನು ಮಾತ್ರ ಗಾಜು ಹೊರಗೆ ಹೋಗಗೊಡುವುದಿಲ್ಲ. ಒಳಗೆ ಬಂದದ್ದು ಒಳಗೇ ಉಳಿಯುತ್ತದೆ.

ಶೀತ ದೇಶಗಳ ಚಿಂತೆ ಬೇರೆ. ಅಲ್ಲಿ ಒಲೆ ಉರಿಸಿ ಬೆಚ್ಚಗಾಗಿಸಿದ ಕೋಣೆಯ ಶಾಖ ಗಾಜಿನ ಮೂಲಕ ಸೋರಿಹೋಗುತ್ತದೆ. ಅದಕ್ಕೆಂದೇ ಜೋಡಿ ಗಾಜು ಬಂತು. ಅಮೆರಿಕದಲ್ಲಿ 1865ರಲ್ಲೇ ಇದಕ್ಕೆ ಪೇಟೆಂಟ್ ದೊರೆತಿತ್ತು. ಎರಡು ಗಾಜುಗಳ ನಡುವೆ ಸಿಕ್ಕಿಬಿದ್ದ ಒಣಗಾಳಿ ಕಂಬಳಿಯಂತೆ ಕೆಲಸ ಮಾಡುತ್ತದೆ. ಸೋರುವ ಶಾಖ ಸುಮಾರು ಅರ್ಧಕ್ಕೆ ಇಳಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹಲೇಪನದ ಗಾಜಿನ ಸಂಶೋಧನೆ ಚುರುಕಾಯಿತು. ಬೆಳ್ಳಿಯ ಇಂಥ ಲೇಪನ ಬೆಳಕನ್ನು ಬಿಟ್ಟು ಅವಕೆಂಪು ಕಿರಣಗಳನ್ನು ಹಿಂದಕ್ಕೆ ಕಳಿಸುತ್ತದೆ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಈ ಕಿರಣಗಳದ್ದೇ.

ನಮ್ಮಲ್ಲಿ ಗ್ರಾಹಕರು ಎಡವುವುದು ಇಲ್ಲಿಯೇ. ಲೇಪನವಿಲ್ಲದ ಬರಿಯ ಜೋಡಿ ಗಾಜು ಬಿಸಿಲಿನ ಶಾಖದ ಸುಮಾರು ಶೇ 70 ಭಾಗವನ್ನು ಒಳಗೆ ಬಿಟ್ಟೇ ಬಿಡುತ್ತದೆ. ಕಂಬಳಿ ಹೊದ್ದು ಬಿಸಿಲಲ್ಲಿ ಕೂತಂತೆ! ನಮಗೆ ಬೇಕಾದದ್ದು ಬಿಸಿಲು ತಡೆಯುವ ಲೇಪನ. ಅದಕ್ಕೂ ಮೊದಲು ಬೇಕಾದದ್ದು ಹೊರಗಿನ ನೆರಳು.

ಹಿರಿಯರಿಗೆ ಇದು ತಿಳಿದಿತ್ತು. ಮಲೆನಾಡು, ಕರಾವಳಿಯ ಮನೆಗಳ ತಗ್ಗಿದ ಸೂರು ಮಳೆಯ ಜತೆಗೆ ಬಿಸಿಲನ್ನೂ ತಡೆಯಿತು. ಬೆಂಗಳೂರಿನ ಹಳೆಯ ಬಂಗಲೆಗಳ ‘ಮಂಕಿ ಟಾಪ್’, ಅಂದರೆ ಕಿಟಕಿಯ ನೆತ್ತಿಗಿಟ್ಟ ಮರದ ಪಟ್ಟಿಗಳ ಚೂಪು ಟೋಪಿ, ಬರಿಯ ಅಲಂಕಾರವಲ್ಲ. ಬಿಸಿಲು ಗಾಜನ್ನು ಮುಟ್ಟುವ ಮೊದಲೇ ಅದು ಅಡ್ಡ ನಿಲ್ಲುತ್ತದೆ. ಒಳಗಿನ ಪರದೆಗೆ ಅಷ್ಟು ಬಲವಿಲ್ಲ. ಪರದೆ ಕಾಯುವ ಹೊತ್ತಿಗೆ ಶಾಖ ಮನೆಯೊಳಗೆ ಬಂದಾಗಿರುತ್ತದೆ.

ದಿಕ್ಕನ್ನೂ ನೋಡಬೇಕು. ನಡುಹಗಲಿನ ಸೂರ್ಯ ಎತ್ತರದಲ್ಲಿರುವುದರಿಂದ ದಕ್ಷಿಣದ ಕಿಟಕಿಗೆ ಸಜ್ಜಾ ಬಹುಮಟ್ಟಿಗೆ ಸಾಕು. ಪೂರ್ವ, ಪಶ್ಚಿಮಗಳಲ್ಲಿ ಬಿಸಿಲು ಓರೆಯಾಗಿ ಸಜ್ಜಾದ ಕೆಳಗೆ ನುಸುಳುತ್ತದೆ. ಅಲ್ಲಿ ಬಿದಿರಿನ ತಟ್ಟಿ, ಮರದ ಜಾಲರಿ ಅಥವಾ ಒಂದು ಮರ ಬೇಕು.

ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ‘ಇಕೊ ನಿವಾಸ್ ಸಂಹಿತೆ’ ಗಾಳಿಯನ್ನೂ ಮರೆತಿಲ್ಲ. ಅದರ ಪ್ರಕಾರ ಬೆಂಗಳೂರಿನಂಥ ಹಿತವಾದ ಹವೆಯ ಊರಿನಲ್ಲಿ 100 ಚದರ ಅಡಿ ನೆಲಕ್ಕೆ ಕನಿಷ್ಠ 12.5 ಚದರ ಅಡಿಯಷ್ಟು ತೆರೆಯಬಲ್ಲ ಭಾಗವಿರಬೇಕು. ಸೆಕೆಯ ಕರಾವಳಿಯಲ್ಲಿ ಸುಮಾರು 16.7 ಚದರ ಅಡಿ. ತೆರೆಯಲಾಗದ ಗಾಜು ಎಷ್ಟೇ ದುಬಾರಿಯಾದರೂ ಈ ಲೆಕ್ಕಕ್ಕೆ ಬಾರದು.

ಆದ್ದರಿಂದ ಮನೆ ಕಟ್ಟಿಸುವವರು ಗಾಜಿನ ಅಂಗಡಿಗೆ ಹೋಗುವ ಮುನ್ನ ನಿವೇಶನದಲ್ಲಿ ನಿಂತು ಸೂರ್ಯ ಎಲ್ಲಿ ಮುಳುಗುತ್ತಾನೆಂದು ನೋಡಲಿ. ಅದಕ್ಕೆ ಕಾಸು ಖರ್ಚಿಲ್ಲ.