ಆರೋಗ್ಯ ಕಾರ್ಡು ಉಚಿತ, ಖರ್ಚು ಎಷ್ಟು?

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಾಠದ ವಿಚಾರ ಬಿಟ್ಟು ಮಾಸ್ತರರು ಆಸ್ಪತ್ರೆಯ ವಿಚಾರ ಎತ್ತಿದರಲ್ಲ ಎಂದು ನಿಮಗೆ ಅನಿಸಬಹುದು. ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದರೆ ಮೊದಲು ಶಾಲೆ ತಪ್ಪುವುದು ಹಿರಿಯ ಮಗಳಿಗೆ. ಹಾಜರಿ ಪುಸ್ತಕ ಬರೆಯುವ ನಮಗೆ ಇದು ಗೊತ್ತು.

ನಿಮ್ಮಲ್ಲಿ ಹಲವರ ಬಳಿ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡಿದೆ. ಕೇಂದ್ರ ಸರಕಾರ 2018ರಲ್ಲಿ ತಂದ ಆಯುಷ್ಮಾನ್ ಭಾರತ್ ಯೋಜನೆಯನ್ನು ಕೇರಳ 2019ರಲ್ಲಿ ಈ ಹೆಸರಿನಿಂದ ಜಾರಿಗೆ ತಂದಿತು. ನಾವು ಕಂತು ಕಟ್ಟಬೇಕಾಗಿಲ್ಲ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳ ವೆಚ್ಚವನ್ನು ಕೇಂದ್ರ 60, ರಾಜ್ಯ 40ರಂತೆ ಹಂಚಿಕೊಳ್ಳುತ್ತವೆ. ಇನ್ನು ಕೆಲವು ಕುಟುಂಬಗಳನ್ನು ರಾಜ್ಯವೇ ತನ್ನ ಖರ್ಚಿನಲ್ಲಿ ಸೇರಿಸಿದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬರುತ್ತದೆ.

ಐದು ಲಕ್ಷ ರೂಪಾಯಿ ಎಂಬುದು ತಲೆಗಲ್ಲ, ಇಡೀ ಕುಟುಂಬಕ್ಕೆ ವರ್ಷಕ್ಕೆ. ಅಜ್ಜನ ಚಿಕಿತ್ಸೆಗೆ ಮೂರು ಲಕ್ಷ ಹೋದರೆ ಆ ವರ್ಷ ಉಳಿದವರಿಗೆಲ್ಲ ಸೇರಿ ಎರಡೇ ಲಕ್ಷ. ದಾಖಲಾಗದೆ ವೈದ್ಯರಿಗೆ ತೋರಿಸಿ ಬಂದರೆ ಈ ಕಾರ್ಡಿಗೆ ಕೆಲಸವಿಲ್ಲ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ತಿಂಗಳು ತಿಂಗಳು ಕೊಳ್ಳುವ ಮಾತ್ರೆಗಳೂ ಇದರಲ್ಲಿ ಬರುವುದಿಲ್ಲ. ದಾಖಲಾದರೆ ಅದಕ್ಕೆ ಮುಂಚಿನ 3 ದಿನ, ಮನೆಗೆ ಬಂದ ಮೇಲಿನ 15 ದಿನಗಳ ತಪಾಸಣೆ, ಔಷಧಿ ಸೇರುತ್ತವೆ. 16ನೆಯ ದಿನದಿಂದ ಕೈಯ ಹಣವೇ. ಬಸ್ಸಿನ ಖರ್ಚು, ಜೊತೆಗೆ ನಿಂತವರ ಊಟ, ಬೀಡಿ ಕಟ್ಟುವವರ, ತೋಟದ ಕೆಲಸದವರ ತಪ್ಪಿದ ಕೂಲಿ ಇವು ಯಾವ ಲೆಕ್ಕಕ್ಕೂ ಇಲ್ಲ. ನನಗೆ ಕಂಡಂತೆ ಸಾಲ ಬೆಳೆಯುವುದು ಇಲ್ಲಿಯೇ.

ಸ್ವಂತ ಹಣದಿಂದ ಪಾಲಿಸಿ ಮಾಡಿಸುವವರಿಗೂ ಒಂದು ಮಾತು. ಅದರ ಮೇಲಿದ್ದ ಶೇಕಡಾ 18 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಆದರೆ ಮೊದಲೇ ಇದ್ದ ಕಾಯಿಲೆಗೆ ಕಂಪೆನಿ ಮೂರು ವರ್ಷದ ತನಕ ಕಾಯಿಸಬಹುದು. ಸರಕಾರಿ ಕಾರ್ಡಿನಲ್ಲಿ ಆ ಕಾಯುವಿಕೆ ಇಲ್ಲ.

ಇನ್ನು ಮಂಗಳೂರು. ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅದೆಷ್ಟು ನಿಜವೆಂದು ಕಂಡೆವು. ಕೇಂದ್ರದ ಪಟ್ಟಿಯ ಕುಟುಂಬಕ್ಕೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆಗೆ ಅವಕಾಶವಿದೆ. ರಾಜ್ಯ ಸೇರಿಸಿದ ಕುಟುಂಬಕ್ಕೂ ಅದು ಇದ್ದೇ ಇದೆ ಎಂದುಕೊಂಡು ಹೊರಡಬೇಡಿ. ನಿಮ್ಮ ಕಾರ್ಡು ಯಾವ ಬಗೆಯದು, ಆ ಆಸ್ಪತ್ರೆಯಲ್ಲಿ ಆ ಚಿಕಿತ್ಸೆಗೆ ನಡೆಯುತ್ತದೆಯೇ ಎಂದು 14555ಕ್ಕೆ ಫೋನು ಮಾಡಿ ಮೊದಲೇ ಕೇಳಿ. ದಾಖಲಾದ ಮೇಲೆ ವಿಚಾರಿಸಿದರೆ ಬಿಲ್ಲು ನಿಮ್ಮ ತಲೆಗೇ ಬಂದೀತು.

ಕಾಗದಗಳು ಮಲಯಾಳದಲ್ಲಿ ಬಂದಾಗ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಕನ್ನಡಿಗರು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ 1969ರ ರಾಜ್ಯಭಾಷಾ ಕಾನೂನಿನಲ್ಲಿ ಅವಕಾಶವಿದೆ. ನಾವು ಬಳಸಿದ್ದೇ ಕಡಿಮೆ. ಅರ್ಜಿ ಬರೆಯಬೇಕಾದವರು ಶನಿವಾರ ಬೆಳಿಗ್ಗೆ ಶಾಲೆಗೆ ಬನ್ನಿ. ಏಳನೆಯ ತರಗತಿಯ ಮಕ್ಕಳು ಬರೆದುಕೊಡುತ್ತಾರೆ, ನಾನು ತಿದ್ದುತ್ತೇನೆ. ಬರುವಾಗ ಆರೋಗ್ಯ ಕಾರ್ಡು, ರೇಷನ್ ಕಾರ್ಡು ಎರಡನ್ನೂ ತನ್ನಿ.