ಮೊದಲ ವೈದ್ಯರ ಕೋಣೆಯಲ್ಲಿ ಸಂಶೋಧನೆ
(ಭಾಷಣದ ಪೂರ್ಣಪಾಠ)



ನಾವು ನಿತ್ಯ ಬಳಸುವ ‘ಡಾಕ್ಟರ್’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಜ್ವರ ಬಂದಾಗ ನಾವು ಹೋಗಿ ಕಾಣುವವರೂ ಡಾಕ್ಟರರು. ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧ ಸಲ್ಲಿಸಿ ಪದವಿ ಪಡೆದವರೂ ಡಾಕ್ಟರರು. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದದ ಮೂಲಧಾತುವಿಗೆ ‘ಕಲಿಸು’ ಎಂದು ಅರ್ಥ. ಹೀಗೆ ಚಿಕಿತ್ಸೆ, ಸಂಶೋಧನೆ, ಬೋಧನೆ ಈ ಮೂರೂ ಒಂದೇ ಶಬ್ದದಲ್ಲಿ ಸೇರಿಕೊಂಡಿವೆ. ಆದರೆ ವ್ಯವಹಾರದಲ್ಲಿ ಅವು ದೂರ ದೂರವಾಗಿವೆ. ಚಿಕಿತ್ಸೆಯ ಬಹುಭಾಗ ನಡೆಯುವುದು ಬಡಾವಣೆಯ ಸಣ್ಣ ದವಾಖಾನೆಗಳಲ್ಲಿ. ಬೋಧನೆ ಮತ್ತು ಸಂಶೋಧನೆ ನಡೆಯುವುದು ದೊಡ್ಡ ಆಸ್ಪತ್ರೆಗಳಿಗೆ ಸೇರಿದ ಕಾಲೇಜುಗಳಲ್ಲಿ. ಈ ಅಂತರದಿಂದ ಜನಸಾಮಾನ್ಯರಿಗೆ ಆಗುವ ನಷ್ಟವೇನು, ಅದನ್ನು ತುಂಬುವ ಬಗೆ ಯಾವುದು ಎಂಬುದೇ ಇಂದಿನ ವಿಷಯ. ಉದಾಹರಣೆಗಾಗಿ ಗುಜರಾತಿನ ಅಹಮದಾಬಾದ್, ವಡೋದರ ಮತ್ತು ಸೂರತ್ ನಗರಗಳನ್ನು ಆರಿಸಿಕೊಂಡಿದ್ದೇನೆ. ಮೂರೂ ಹಳೆಯ ವೈದ್ಯಕೀಯ ಕಾಲೇಜುಗಳಿರುವ ನಗರಗಳು. ಅಲ್ಲಿನ ಕೆಲವು ಅನುಭವಗಳು ಕನ್ನಡಿಗರಿಗೂ ಮನನಯೋಗ್ಯವಾಗಿವೆ.

ಸಾವಿರದಲ್ಲಿ ಒಬ್ಬರು

1961ರಲ್ಲಿ ಕೆರ್ ವೈಟ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕ ಮತ್ತು ಬ್ರಿಟನ್ನಿನ ಅಂಕಿ-ಅಂಶಗಳನ್ನು ಆಧರಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಸಾವಿರ ಮಂದಿ ವಯಸ್ಕರನ್ನು ಒಂದು ತಿಂಗಳ ಕಾಲ ಗಮನಿಸಿದರೆ ಅವರಲ್ಲಿ ಸುಮಾರು 750 ಜನರಿಗೆ ಯಾವುದಾದರೊಂದು ಕಾಯಿಲೆ ಅಥವಾ ಪೆಟ್ಟು ಆಗಿರುತ್ತದೆ. 250 ಜನ ವೈದ್ಯರನ್ನು ಕಾಣುತ್ತಾರೆ. 9 ಜನ ಆಸ್ಪತ್ರೆಗೆ ದಾಖಲಾಗುತ್ತಾರೆ. ವಿಶ್ವವಿದ್ಯಾನಿಲಯದ ಆಸ್ಪತ್ರೆಯನ್ನು ತಲುಪುವವರು ಒಬ್ಬರು ಮಾತ್ರ. ದೇಶಕಾಲಗಳಿಗೆ ಅನುಗುಣವಾಗಿ ಈ ಸಂಖ್ಯೆಗಳು ಬದಲಾಗಬಹುದು. ಆದರೆ ಅವು ಎತ್ತುವ ಪ್ರಶ್ನೆ ಬದಲಾಗುವುದಿಲ್ಲ. ವೈದ್ಯ ವಿದ್ಯಾರ್ಥಿಯು ತನ್ನ ಕಲಿಕೆಯ ಬಹುಕಾಲವನ್ನು ಆ ಒಬ್ಬರ ಹಾಸಿಗೆಯ ಬಳಿ ಕಳೆಯುತ್ತಾನೆ. ಉಳಿದವರ ಕಾಯಿಲೆಯನ್ನು ಅವನಿಗೆ ಕಲಿಸುವವರು ಯಾರು? ಆ ಕಾಯಿಲೆಗಳ ಬಗ್ಗೆ ಶೋಧಿಸುವವರು ಯಾರು?

ಸಾಮಾನ್ಯ ವೈದ್ಯರು ಸಂಶೋಧನೆ ಮಾಡಬಲ್ಲರು ಎಂಬುದಕ್ಕೆ ಇಂಗ್ಲೆಂಡಿನ ವಿಲಿಯಂ ಪಿಕಲ್ಸ್ ಸಾಕ್ಷಿಯಾಗಿದ್ದಾರೆ. ಯಾರ್ಕ್‌ಷೈರ್ ಪ್ರಾಂತದ ಒಂದು ಕಣಿವೆಯ ಹಳ್ಳಿಗಳಲ್ಲಿ ವೈದ್ಯರಾಗಿದ್ದ ಅವರು ಯಾವ ದಿನ, ಯಾವ ಮನೆಯಲ್ಲಿ, ಯಾರಿಗೆ ಕಾಯಿಲೆ ಬಂತು ಎಂಬುದನ್ನು ವರ್ಷಗಟ್ಟಲೆ ಬರೆದಿಟ್ಟರು. ಕಾಮಾಲೆಯಂತಹ ಅಂಟುರೋಗಗಳು ಒಬ್ಬರಿಂದ ಒಬ್ಬರಿಗೆ ಹರಡಲು ಎಷ್ಟು ದಿನ ಬೇಕೆಂಬುದನ್ನು ಆ ಬರಹದಿಂದಲೇ ಕಂಡುಕೊಂಡರು. ಎಲ್ಲರನ್ನೂ ಬಲ್ಲ ಹಳ್ಳಿಯ ವೈದ್ಯನಿಗೆ ಕಾಣುವ ಈ ಸರಪಳಿ ಮಹಾನಗರದ ಆಸ್ಪತ್ರೆಗೆ ಕಾಣುವುದಿಲ್ಲ. ಅವರ ಗ್ರಂಥ 1939ರಲ್ಲಿ ಹೊರಬಂದಿತು. ಸಾಮಾನ್ಯ ವೈದ್ಯವೃತ್ತಿಗೆ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪೀಠ ದೊರೆಯಲು ಮಾತ್ರ 1963ರವರೆಗೆ ಕಾಯಬೇಕಾಯಿತು. ಆ ವರ್ಷ ಎಡಿನ್‌ಬರೊದಲ್ಲಿ ಸ್ಥಾಪನೆಯಾದ ಪೀಠವೇ ಜಗತ್ತಿನಲ್ಲಿ ಮೊದಲನೆಯದು.

ನಮ್ಮ ದೇಶದ ಸ್ಥಿತಿ

1943ರಲ್ಲಿ ನೇಮಕಗೊಂಡ ಭೋರ್ ಸಮಿತಿಯು 1946ರಲ್ಲಿ ವರದಿ ನೀಡಿತು. ರೋಗಿಯನ್ನು ಮಾತ್ರವಲ್ಲದೆ ಅವನ ಮನೆ, ದುಡಿಮೆ, ನೀರು, ಆಹಾರ ಇವನ್ನೂ ಅರಿತ ‘ಸಾಮಾಜಿಕ ವೈದ್ಯ’ರನ್ನು ತಯಾರಿಸಬೇಕೆಂಬುದು ಅದರ ಆಶಯವಾಗಿತ್ತು. ಕಾಲೇಜುಗಳಲ್ಲಿ ಇಂದಿರುವ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳು ಈ ಆಶಯದ ಫಲ. 2002ರ ರಾಷ್ಟ್ರೀಯ ಆರೋಗ್ಯ ನೀತಿಯು ಕುಟುಂಬ ವೈದ್ಯಶಾಸ್ತ್ರದಲ್ಲಿ ತಜ್ಞರ ಕೊರತೆಯನ್ನು ಗುರುತಿಸಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮವು ಈ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣಕ್ಕೆ ಉತ್ತೇಜನ ನೀಡುವುದನ್ನು ಸಂಬಂಧಪಟ್ಟ ಮಂಡಲಿಯ ಕರ್ತವ್ಯಗಳಲ್ಲಿ ಸೇರಿಸಿತು. ಅದೇ ವರ್ಷ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ರೋಗಿಯೊಡನೆ ಮಾತನಾಡುವ ಕ್ರಮವನ್ನೂ ಪಾಠದ ವಿಷಯವಾಗಿಸಿತು. ಅನಂತರ ವಿದ್ಯಾರ್ಥಿಗಳು ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಂಡು ಅವರ ಆರೋಗ್ಯವನ್ನು ಗಮನಿಸುತ್ತ ಬರುವ ಏರ್ಪಾಡೂ ಸೇರಿತು.

ಇವೆಲ್ಲ ಸ್ವಾಗತಾರ್ಹ ಕ್ರಮಗಳೇ. ಆದರೂ ನಮ್ಮ ಬಹುಪಾಲು ವೈದ್ಯಕೀಯ ಕಾಲೇಜುಗಳಲ್ಲಿ ಸಾಮಾನ್ಯ ವೈದ್ಯವೃತ್ತಿಗೆ ಪ್ರತ್ಯೇಕ ವಿಭಾಗವಿಲ್ಲ. ವಿಭಾಗವಿಲ್ಲದೆಡೆ ಮಾರ್ಗದರ್ಶಕರಿಲ್ಲ, ಮಾರ್ಗದರ್ಶಕರಿಲ್ಲದೆಡೆ ಪಿಎಚ್.ಡಿ. ಇಲ್ಲ. ನಮ್ಮಲ್ಲಿ ಎಂ.ಡಿ. ಎಂಬುದು ಮುಖ್ಯವಾಗಿ ಮೂರು ವರ್ಷಗಳ ತಜ್ಞ ತರಬೇತಿ; ಪ್ರಬಂಧ ಅದರ ಒಂದು ಭಾಗ ಮಾತ್ರ. ಒಂದೇ ಪ್ರಶ್ನೆಯನ್ನು ಹಿಡಿದು ಹಲವು ವರ್ಷ ಶೋಧಿಸುವ ಅವಕಾಶ ದವಾಖಾನೆಯ ವೈದ್ಯರಿಗೆ ದೊರೆಯುವುದು ವಿರಳ. ಅಂತಹ ಅವಕಾಶ ದೊರೆತರೆ ಅಧ್ಯಯನಯೋಗ್ಯ ಪ್ರಶ್ನೆಗಳು ಎಲ್ಲಿವೆ? ಅವನ್ನು ಮೂರು ನಗರಗಳಲ್ಲಿ ನೋಡೋಣ.

ಅಹಮದಾಬಾದ್: ಕಸುಬು ಮತ್ತು ಬಿಸಿಲು

ಅಹಮದಾಬಾದಿನಲ್ಲಿ 1871ರಲ್ಲಿ ಆರಂಭವಾದ ವೈದ್ಯಕೀಯ ಶಾಲೆಯು 1946ರಲ್ಲಿ ಬಿ.ಜೆ. ವೈದ್ಯಕೀಯ ಕಾಲೇಜಾಯಿತು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ನಗರದಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ ಇದೆ. ಹತ್ತಿಯ ಧೂಳಿನಿಂದ ಬರುವ ‘ಬಿಸಿನೋಸಿಸ್’ ಎಂಬ ಶ್ವಾಸಕೋಶದ ಕಾಯಿಲೆ ಅದು ಅಧ್ಯಯನ ಮಾಡಿದ ರೋಗಗಳಲ್ಲಿ ಒಂದು. ಈ ಕಾಯಿಲೆಗೆ ಒಂದು ವಿಶಿಷ್ಟ ಲಕ್ಷಣವುಂಟು: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು ಹೆಚ್ಚು. ಎದೆಯ ಕ್ಷಕಿರಣ ಚಿತ್ರ ಇದನ್ನು ತಿಳಿಸದು, “ನಿಮ್ಮ ಕೆಲಸವೇನು? ಯಾವ ದಿನ ಉಸಿರಾಟಕ್ಕೆ ಹೆಚ್ಚು ಕಷ್ಟ?” ಎಂದು ವೈದ್ಯರು ಕೇಳಬೇಕು. ರೋಗಿಯ ಕಸುಬನ್ನು ವಿಚಾರಿಸಬೇಕೆಂದು ಇಟಲಿಯ ರಾಮಝೀನಿ 1700ರಲ್ಲಿಯೇ ಬೋಧಿಸಿದ್ದರು. ಇಂದು ಈ ಪ್ರಶ್ನೆಯನ್ನು ಎಷ್ಟು ವೈದ್ಯರು ಕೇಳುತ್ತಾರೆ, ಕೇಳದಿದ್ದರೆ ಕಾರಣವೇನು, ಕೇಳುವಂತೆ ಕಲಿಸುವುದು ಹೇಗೆ? ಮಹಾಪ್ರಬಂಧವೊಂದಕ್ಕೆ ಇಷ್ಟು ಸಾಕು.

ಎರಡನೆಯ ನಿದರ್ಶನ ಬಿಸಿಲಿನದು. 2010ರ ಮೇ 21ರಂದು ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ತಿಂಗಳ ಒಟ್ಟು ಮರಣಗಳನ್ನು ಇತರ ವರ್ಷಗಳೊಡನೆ ಹೋಲಿಸಿದಾಗ 1344 ಮರಣಗಳು ಹೆಚ್ಚಾಗಿದ್ದವೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಿಸಿಲಿನಿಂದ ಸತ್ತವರ ಮರಣಪತ್ರದಲ್ಲಿ ‘ಬಿಸಿಲು’ ಎಂಬ ಕಾರಣ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಹೃದಯ, ಮೂತ್ರಪಿಂಡ, ವೃದ್ಧಾಪ್ಯ ಎಂದಿರುತ್ತದೆ. ಎಣಿಸಿ ನೋಡಿದ ಮೇಲೆಯೇ ಸತ್ಯ ಹೊರಬಿತ್ತು. 2013ರಲ್ಲಿ ನಗರ ಪಾಲಿಕೆಯು ಬಿಸಿಲ ಹೊಡೆತವನ್ನು ಎದುರಿಸುವ ಕಾರ್ಯಯೋಜನೆಯನ್ನು ಜಾರಿಗೊಳಿಸಿತು; ವೈದ್ಯರ ತರಬೇತಿಯೂ ಅದರಲ್ಲಿ ಸೇರಿತ್ತು.

ಅದೇ ನಗರದ ಶಾರದಾಬೆನ್ ಆಸ್ಪತ್ರೆಯ ಉದಾಹರಣೆ ಇನ್ನೂ ಸರಳವಾದುದು. ಅಲ್ಲಿ ಹೆರಿಗೆ ವಾರ್ಡು ಕಟ್ಟಡದ ಮೇಲಂತಸ್ತಿನಲ್ಲಿತ್ತು. ಬೇಸಿಗೆಯಲ್ಲಿ ಮೈ ಕಾದು ತೀವ್ರ ನಿಗಾ ಘಟಕಕ್ಕೆ ಬರುವ ನವಜಾತ ಶಿಶುಗಳ ಸಂಖ್ಯೆಯನ್ನು ವೈದ್ಯರು ಗಮನಿಸಿದರು. ವಾರ್ಡನ್ನು ಕೆಳಗಿನ ಅಂತಸ್ತಿಗೆ ವರ್ಗಾಯಿಸಿದ ಮೇಲೆ ಆ ಸಂಖ್ಯೆ ಇಳಿಯಿತು. ಇದಕ್ಕೆ ಬೇಕಾದುದು ಬೆಲೆಬಾಳುವ ಯಂತ್ರವಲ್ಲ. ‘ಈ ಮಕ್ಕಳೆಲ್ಲ ಎಲ್ಲಿಂದ ಬರುತ್ತಿದ್ದಾರೆ?’ ಎಂಬ ಪ್ರಶ್ನೆ, ಮತ್ತು ದಾಖಲೆ ಪುಸ್ತಕ.

ವಡೋದರ: ಒಂದೇ ವಿಶ್ವವಿದ್ಯಾನಿಲಯದ ನೆರಳಿನಲ್ಲಿ

ಬರೋಡ ವೈದ್ಯಕೀಯ ಕಾಲೇಜು 1949ರಲ್ಲಿ ಆರಂಭವಾಯಿತು. ಅದು ಸೇರಿದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದೂ ಅದೇ ವರ್ಷ. ಗೃಹವಿಜ್ಞಾನ, ಸಮಾಜಕಾರ್ಯ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ ಇವೆಲ್ಲ ಅದೇ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಲ್ಪಡುತ್ತವೆ. ಸಾಮಾನ್ಯ ವೈದ್ಯವೃತ್ತಿಯ ಸಂಶೋಧನೆಗೆ ಇಂತಹ ನೆರೆಹೊರೆ ಅತ್ಯಗತ್ಯ.

ರಕ್ತಹೀನತೆಯನ್ನೇ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ದೇಶದಲ್ಲಿ ಶೇ. 57, ಗುಜರಾತಿನಲ್ಲಿ ಶೇ. 65, ಕರ್ನಾಟಕದಲ್ಲಿ ಸುಮಾರು ಶೇ. 48. ಕಬ್ಬಿಣಾಂಶದ ಮಾತ್ರೆ ಅಗ್ಗ. ಅದು ಕೆಲಸ ಮಾಡುತ್ತದೆಂಬುದೂ ತಿಳಿದ ಸಂಗತಿ. ಆದರೂ ಕೊಟ್ಟ ಮಾತ್ರೆಗಳೆಲ್ಲ ಹೊಟ್ಟೆಗೆ ಹೋಗುವುದಿಲ್ಲ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಭಯವಿರುತ್ತದೆ. ಊಟದೊಡನೆ ಕುಡಿದ ಚಹವು ಕಬ್ಬಿಣಾಂಶ ಮೈಗೂಡುವುದನ್ನು ತಡೆಯುತ್ತದೆ. ಇದರಲ್ಲಿ ವೈದ್ಯರಿಗೆ ತಿಳಿಯುವುದು ಒಂದು ಭಾಗ. ಉಳಿದುದು ಆಹಾರತಜ್ಞರಿಗೆ, ಮನೆಮನೆಗೆ ಹೋಗುವ ಸಮಾಜ ಕಾರ್ಯಕರ್ತರಿಗೆ ತಿಳಿಯುತ್ತದೆ. ‘ಮಾತ್ರೆ ಬರೆದುಕೊಟ್ಟ ಮೇಲೆ ಏನಾಯಿತು?’ ಎಂಬುದು ಆಸ್ಪತ್ರೆ ಕೇಳದ ಪ್ರಶ್ನೆ. ವಾರವಾರವೂ ಅದೇ ಕುಟುಂಬವನ್ನು ಕಾಣುವ ವೈದ್ಯರು ಅದನ್ನು ಕೇಳಬಲ್ಲರು.

ಸೂರತ್: ತಡವಾಗಿ ತಲುಪಿದ ಸುದ್ದಿ

1898ರ ಪ್ಲೇಗಿನ ಕಥೆಗಳನ್ನು ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ಕೇಳಿದವರಿದ್ದಾರೆ. ಅದೇ ರೋಗದ ಹೆಸರು 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಿಂದ ಕೇಳಿಬಂದಿತು. ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಬಳಿಕ ಸಾವು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರು ನಗರವನ್ನು ತೊರೆದರು. ಅನೇಕ ಖಾಸಗಿ ವೈದ್ಯರೂ ತೆರಳಿದರು. ಪ್ರೊ. ವಿ. ರಾಮಲಿಂಗಸ್ವಾಮಿಯವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವು ತಜ್ಞರ ಸಮಿತಿಯನ್ನು ನೇಮಿಸಿತು. 1995ರಿಂದ ನಗರದ ನೈರ್ಮಲ್ಯದಲ್ಲಿ ಆದ ಸುಧಾರಣೆ ದೇಶದ ಗಮನ ಸೆಳೆಯಿತು. ರೋಗಗಳ ವರದಿಯನ್ನು ಖಾಸಗಿ ಆಸ್ಪತ್ರೆಗಳಿಂದಲೂ ಪಡೆಯುವ ಪದ್ಧತಿ ಬೆಳೆಯಿತು. ಬಡಾವಣೆಯ ವೈದ್ಯರ ಬಳಿ ಮೊದಲು ಬಂದ ನಾಲ್ಕೈದು ಜ್ವರಗಳನ್ನು ಒಟ್ಟಿಗೆ ಇಟ್ಟು ನೋಡುವ ಏರ್ಪಾಡು ಇಲ್ಲದಿದ್ದರೆ ಸಾಂಕ್ರಾಮಿಕವೊಂದು ಆಸ್ಪತ್ರೆಯ ಬಾಗಿಲಿಗೆ ಬಂದಾಗಲೇ ಗೊತ್ತಾಗುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ.

ದಕ್ಷಿಣ ಗುಜರಾತಿನ ಇನ್ನೊಂದು ಕಾಯಿಲೆ ನಮ್ಮ ಕರಾವಳಿ ಮತ್ತು ಮಲೆನಾಡಿನವರಿಗೂ ಪರಿಚಿತ, ಅದೇ ಇಲಿಜ್ವರ. ಮಳೆಗಾಲದಲ್ಲಿ ಭತ್ತ, ಕಬ್ಬಿನ ಗದ್ದೆಗಳ ಕೆಸರಿನಲ್ಲಿ ಬರಿಗಾಲಿನಿಂದ ದುಡಿಯುವವರಿಗೆ ಅದು ತಗಲುತ್ತದೆ. ಮೊದಲ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು. ಆಗ ಕೊಟ್ಟ ಸಾಮಾನ್ಯ ಪ್ರತಿಜೀವಕ ಔಷಧವೇ ಪ್ರಾಣ ಉಳಿಸಬಲ್ಲದು. ಮೂತ್ರಪಿಂಡ ಕೆಟ್ಟು ಸೂರತ್ತಿನ ದೊಡ್ಡ ಆಸ್ಪತ್ರೆಗೆ ಬಂದ ಮೇಲೆ ಉಳಿಸುವುದು ಕಷ್ಟ. ಜೀವ ಉಳಿಯುವುದೂ ಹೋಗುವುದೂ ತಾಲ್ಲೂಕಿನ ಮೊದಲ ವೈದ್ಯರ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ಕರ್ನಾಟಕದಲ್ಲಿ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದನ್ನೂ ಜನರಿಗೆ ಜ್ವರ ಬರುತ್ತಿದ್ದುದನ್ನೂ ಒಟ್ಟಿಗೆ ನೋಡಿದುದರಿಂದಲೇ ಮಂಗನ ಕಾಯಿಲೆ ಜಗತ್ತಿಗೆ ತಿಳಿಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ರೋಗಿಯ ಮಾತು

ಅನುವಾದದ ಕೆಲಸದಲ್ಲಿರುವ ನನಗೆ ವಿಶೇಷವಾಗಿ ತೋರುವ ವಿಷಯವೊಂದಿದೆ. ಗುಜರಾತಿ ರೋಗಿಗಳು ‘ಗಭರಾಮಣ’ ಎನ್ನುತ್ತಾರೆ. ಅದು ಮನಸ್ಸಿನ ಕಳವಳವಾಗಿರಬಹುದು, ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಇಳಿದುದಾಗಿರಬಹುದು, ಹೃದಯಾಘಾತದ ಮುನ್ಸೂಚನೆಯೂ ಆಗಿರಬಹುದು. ಕನ್ನಡದಲ್ಲಿ ನಾವು ‘ಸಂಕಟ’ ಎನ್ನುವುದೂ ಹೀಗೆಯೇ. ಹೊಟ್ಟೆಯದೋ, ಎದೆಯದೋ, ಮನಸ್ಸಿನದೋ ಎಂಬುದು ಆ ಒಂದು ಶಬ್ದದಿಂದ ತಿಳಿಯದು. ಸೂರತ್ತಿನ ಮಗ್ಗದ ಕಾರ್ಮಿಕರಲ್ಲಿ ಒಡಿಯಾ ಮಾತನಾಡುವವರು ಬಹುಸಂಖ್ಯೆಯಲ್ಲಿದ್ದಾರೆ. ಅವರ ನೋವಿನ ಮಾತುಗಳೇ ಬೇರೆ. ವೈದ್ಯಕೀಯ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ರೋಗ ಮಾತನಾಡುವುದು ಮನೆಮಾತಿನಲ್ಲಿ. ಯಾವ ಮಾತಿನ ಹಿಂದೆ ಯಾವ ಕಾಯಿಲೆ ಎಷ್ಟು ಬಾರಿ ಇರುತ್ತದೆ ಎಂಬ ಅಧ್ಯಯನ ಭಾಷಾಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಸೇರಿದ್ದು. ಅದರ ಫಲ ಪಠ್ಯಪುಸ್ತಕಕ್ಕೆ ಬರಬೇಕು.

ಆಗಬೇಕಾದುದು

ದವಾಖಾನೆಯ ವೈದ್ಯರಿಗಿರುವ ಅಡಚಣೆಗಳು ಸ್ಪಷ್ಟವಾಗಿವೆ. ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಅವರಿಗೆ ಬಿಡುವಿಲ್ಲ, ಮಾರ್ಗದರ್ಶಕರಿಲ್ಲ, ನೈತಿಕ ಸಮಿತಿಯ ಒಪ್ಪಿಗೆ ಪಡೆಯುವ ದಾರಿ ತಿಳಿಯದು. ಸಮುದಾಯ ವೈದ್ಯಶಾಸ್ತ್ರ ವಿಭಾಗಗಳು ಸುತ್ತಲಿನ ವೈದ್ಯರನ್ನು ಜೊತೆಗೂಡಿಸಿಕೊಂಡರೆ, ವೃತ್ತಿಯನ್ನು ಬಿಡದೆ ಅರೆಕಾಲಿಕವಾಗಿ ಪಿಎಚ್.ಡಿ. ಮಾಡುವ ಅವಕಾಶ ವಿಸ್ತರಿಸಿದರೆ, ವಿದ್ಯಾರ್ಥಿಗಳನ್ನು ಕೆಲವು ವಾರ ಬಡಾವಣೆಯ ದವಾಖಾನೆಗೆ ಕಳುಹಿಸಿದರೆ ಈ ಅಡಚಣೆಗಳಲ್ಲಿ ಬಹುಪಾಲು ನಿವಾರಣೆಯಾಗಬಲ್ಲವು. ಸಂಶೋಧಕರಾದ ವೈದ್ಯರೇ ಬೋಧಕರೂ ಆದಾಗ, ಉಳಿದ 249 ಜನರ ಕಾಯಿಲೆಯೂ ಪಾಠದ ಕೋಣೆಗೆ ಬರುತ್ತದೆ.

ಜನರ ಪಾಲೂ ಇದರಲ್ಲಿದೆ. ಹಳೆಯ ಔಷಧ ಚೀಟಿಗಳನ್ನು ಎಸೆಯದೆ ಕಾಪಾಡಿ. ನೀವು ಮಾಡುವ ಕೆಲಸವನ್ನು ವೈದ್ಯರು ಕೇಳದಿದ್ದರೂ ತಿಳಿಸಿ. ಮಾತ್ರೆ ನುಂಗದೆ ಬಿಟ್ಟಿದ್ದರೆ ಮುಚ್ಚಿಡಬೇಡಿ. ಸಂಶೋಧನೆಗೆ ನಿಮ್ಮ ವಿವರ ಬೇಕೆಂದು ಕೇಳಿದರೆ ಅದು ಯಾತಕ್ಕೆ, ಹೆಸರು ಗುಪ್ತವಾಗಿರುವುದೇ ಎಂದು ವಿಚಾರಿಸಿ. ಒಪ್ಪಿಕೊಳ್ಳುವುದೂ ಒಪ್ಪದಿರುವುದೂ ನಿಮ್ಮ ಹಕ್ಕು. ಒಪ್ಪದಿದ್ದರೆ ಚಿಕಿತ್ಸೆಗೆ ಕುಂದು ಬರಕೂಡದು.

ಪ್ಲೇಗಿನಿಂದ ಬಿಸಿಲಿನವರೆಗೆ, ಇಲಿಜ್ವರದಿಂದ ರಕ್ತಹೀನತೆಯವರೆಗೆ ನಾವು ಕಂಡ ಕಾಯಿಲೆಗಳೆಲ್ಲ ಮೊದಲು ತಟ್ಟಿದ್ದು ಮನೆಯ ಹತ್ತಿರದ ವೈದ್ಯರ ಬಾಗಿಲನ್ನು. ಆ ವೈದ್ಯರ ಕೈಗೆ ಔಷಧದ ಜೊತೆಗೆ ದಾಖಲೆ ಪುಸ್ತಕವನ್ನೂ, ಅದನ್ನು ಓದಿ ಪ್ರಶ್ನಿಸುವ ವಿದ್ಯೆಯನ್ನೂ ಕೊಡುವುದು ವೈದ್ಯಕೀಯ ಶಿಕ್ಷಣದ ಹೊಣೆಯಾಗಿದೆ.